ಕಾನ್ವೆಂಟ್ ಬೋರ್ಡಿಂಗ್‌ಗೆ ಮಗಳನ್ನು ಕಳಿಸುವ ಮುನ್ನ

ಪ್ರಶ್ನೆ: ನಾವು ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಭತ್ತ ಬೆಳೆಯುವ ಕುಟುಂಬದವರು. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ 5ನೇ ತರಗತಿ ಓದುತ್ತಿದ್ದಾಳೆ. 6ನೇ ತರಗತಿಗೆ ಅವಳನ್ನು ಕ್ಯಾಥೋಲಿಕ್ ಸಿಸ್ಟರುಗಳು ನಡೆಸುವ ಬೋರ್ಡಿಂಗ್ ಶಾಲೆಗೆ ಸೇರಿಸಬೇಕೆಂಬುದು ನನ್ನ ಆಸೆ. ಬಳ್ಳಾರಿ, ಮಂಗಳೂರು, ಹೈದರಾಬಾದ್ ಮೂರೂ ಕಡೆಯ ಹೆಸರುಗಳನ್ನು ಜನ ಹೇಳುತ್ತಿದ್ದಾರೆ. ನಾವು ಲಿಂಗಾಯತರು, ಸಸ್ಯಾಹಾರಿಗಳು. ಮೊಮ್ಮಗಳು ನಮ್ಮ ಧರ್ಮ ಮರೆತಾಳೆಂದು ಅತ್ತೆಯವರು ಹೆದರುತ್ತಾರೆ. ಇಂಗ್ಲಿಷ್ ಬಂದರೆ ಸಾಕು ಎಂದು ಯಜಮಾನರು ಹೇಳುತ್ತಾರೆ. ಏನನ್ನು ನೋಡಿ ಶಾಲೆ ಆರಿಸಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಇಂಗ್ಲಿಷ್ ಇದೆ, ಧರ್ಮ ಇದೆ, ಊರುಗಳ ಹೆಸರಿವೆ. ಮಗಳು ರಾತ್ರಿ ಯಾರ ಸುಪರ್ದಿಯಲ್ಲಿ ಮಲಗುತ್ತಾಳೆ ಎಂಬ ಪ್ರಶ್ನೆ ಮಾತ್ರ ಇಲ್ಲ. ಬಳ್ಳಾರಿ ಮತ್ತು ರಾಯಚೂರು ಜಿಲ್ಲೆಗಳ ಶಾಲೆಗಳಲ್ಲಿ 30 ವರ್ಷ ಶಿಕ್ಷಕಿಯಾಗಿ, ಅದರಲ್ಲಿ 11 ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ಹೊಣೆ ಹೊತ್ತು ಕೆಲಸ ಮಾಡಿದ ನನಗೆ ಉಳಿದೆಲ್ಲ ಪ್ರಶ್ನೆಗಳಿಗಿಂತ ಇದೇ ದೊಡ್ಡದು. ತರಗತಿ ನಡೆಯುವುದು ಬೆಳಿಗ್ಗೆಯಿಂದ ಸಂಜೆ 4ರವರೆಗೆ. ಅಲ್ಲಿಂದ ಮರುದಿನ ಬೆಳಿಗ್ಗೆ 8ರವರೆಗಿನ 16 ಗಂಟೆ, ಅದರ ಜೊತೆಗೆ ಭಾನುವಾರಗಳು, ಜ್ವರ ಬಂದ ದಿನಗಳು, ಮನೆಯ ನೆನಪಾಗಿ ನಿದ್ದೆ ಬಾರದ ರಾತ್ರಿಗಳು ಹಾಸ್ಟೆಲಿನ ಪಾಲಿನವು. ತಂದೆ ತಾಯಂದಿರು ಎಸ್ಸೆಸ್ಸೆಲ್ಸಿ ಫಲಿತಾಂಶದ ಫಲಕ ನೋಡಿ, ಕಂಪ್ಯೂಟರ್ ಕೋಣೆ ನೋಡಿ ಶುಲ್ಕ ಕಟ್ಟಿ ಬರುತ್ತಾರೆ. ನೀವು ಹಾಗೆ ಮಾಡಬಾರದೆಂದು ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಮೊದಲು, ನಿಮಗೆ ಜನ ಹೇಳಿದ ಶಾಲೆಗಳು ನಿಜಕ್ಕೂ ಕ್ಯಾಥೋಲಿಕ್ ಶಾಲೆಗಳೇ ಎಂದು ಖಚಿತಪಡಿಸಿಕೊಳ್ಳಿ. ನಮ್ಮ ಕಡೆ ಇಂಗ್ಲಿಷ್ ಮಾಧ್ಯಮದ ಯಾವ ಖಾಸಗಿ ಶಾಲೆಗೂ 'ಕಾನ್ವೆಂಟ್' ಎನ್ನುವ ರೂಢಿಯಿದೆ. ಆ ಶಬ್ದದ ಮೂಲ ಅರ್ಥ ಧರ್ಮಭಗಿನಿಯರು ವಾಸಿಸುವ ಮಠ. ಹೆಸರಿನ ಮುಂದೆ 'ಸೇಂಟ್' ಎಂದು ಬರೆಸಿಕೊಂಡು ಖಾಸಗಿ ಟ್ರಸ್ಟುಗಳು ನಡೆಸುವ ಶಾಲೆಗಳು ಊರೂರಿನಲ್ಲಿವೆ. ಅವು ಕೆಟ್ಟವೆಂದು ನಾನು ಹೇಳುತ್ತಿಲ್ಲ, ಆದರೆ ಅಲ್ಲಿ ಸಿಸ್ಟರುಗಳಿರುವುದಿಲ್ಲ, ಧರ್ಮಾಧ್ಯಕ್ಷರ (ಬಿಷಪ್) ಮೇಲ್ವಿಚಾರಣೆಯೂ ಇರುವುದಿಲ್ಲ. ಕ್ಯಾಥೋಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆಯ 803ನೇ ನಿಯಮದ ಪ್ರಕಾರ, ಧರ್ಮಸಭೆಯ ಅಧಿಕಾರಿಗಳ ಒಪ್ಪಿಗೆಯಿಲ್ಲದೆ ಯಾವ ಶಾಲೆಯೂ 'ಕ್ಯಾಥೋಲಿಕ್ ಶಾಲೆ' ಎಂಬ ಹೆಸರನ್ನು ಇಟ್ಟುಕೊಳ್ಳುವಂತಿಲ್ಲ. 806ನೇ ನಿಯಮ ತಮ್ಮ ಧರ್ಮಕ್ಷೇತ್ರದ, ಅಂದರೆ ತಮ್ಮ ಆಡಳಿತಕ್ಕೆ ಸೇರಿದ ಪ್ರದೇಶದ, ಕ್ಯಾಥೋಲಿಕ್ ಶಾಲೆಗಳನ್ನು ಪರಿಶೀಲಿಸುವ ಹಕ್ಕನ್ನು ಧರ್ಮಾಧ್ಯಕ್ಷರಿಗೆ ಕೊಟ್ಟಿದೆ. ಬಳ್ಳಾರಿ ಧರ್ಮಕ್ಷೇತ್ರ 1949ರಲ್ಲಿ ಸ್ಥಾಪನೆಯಾದದ್ದು, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳು ಅದರ ವ್ಯಾಪ್ತಿಯಲ್ಲೇ ಬರುತ್ತವೆ. ಆದ್ದರಿಂದ ಬಳ್ಳಾರಿಯ ಬಿಷಪ್ ನಿವಾಸಕ್ಕೆ ಫೋನ್ ಮಾಡಿದರೆ, ಅಥವಾ ನಿಮಗೆ ಹತ್ತಿರದ ಚರ್ಚಿನ ಫಾದರ್ ಅವರನ್ನು ಕಂಡು ಕೇಳಿದರೆ, ಈ ಭಾಗದಲ್ಲಿ ಯಾವ ಶಾಲೆ ಯಾರದು ಎಂಬುದು ತಿಳಿದುಬಿಡುತ್ತದೆ. ನೀವು ಕ್ರೈಸ್ತರಲ್ಲವೆಂದು ಹಿಂಜರಿಯಬೇಡಿ. ಇಂತಹ ವಿಚಾರಣೆ ಅವರಿಗೆ ಹೊಸದಲ್ಲ.

ಶಾಲೆ ನಡೆಸುವವರು ಯಾರೆಂದು ತಿಳಿದ ಮೇಲೆ ಅವರ ಸಭೆಯ, ಅಂದರೆ ಅವರು ಸೇರಿರುವ ಧಾರ್ಮಿಕ ಸಂಘದ, ಪರಿಚಯ ಮಾಡಿಕೊಳ್ಳುವುದು ಪ್ರಯೋಜನಕರ. 'ಸಿಸ್ಟರುಗಳು' ಎಂದು ನಾವು ಒಂದೇ ಮಾತಿನಲ್ಲಿ ಹೇಳಿದರೂ ಅವರಲ್ಲಿ ಬೇರೆ ಬೇರೆ ಸಭೆಗಳಿವೆ, ಪ್ರತಿಯೊಂದಕ್ಕೂ ತನ್ನದೇ ನಡೆನುಡಿ ಇದೆ. ಅಪೋಸ್ತಲಿಕ್ ಕಾರ್ಮೆಲ್ ಸಭೆಯವರು 1870ರಲ್ಲಿ ಮಂಗಳೂರಿಗೆ ಬಂದು ಅಂದಿನಿಂದ ಹೆಣ್ಣುಮಕ್ಕಳ ಶಿಕ್ಷಣವನ್ನೇ ಮುಖ್ಯ ಕೆಲಸ ಮಾಡಿಕೊಂಡವರು. ಬೆಥನಿ ಸಭೆ 1921ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ್ದು, ಹಳ್ಳಿಗಾಡಿನ ಶಾಲೆಗಳನ್ನು ಹೆಚ್ಚಾಗಿ ಕಟ್ಟಿದೆ. ಡಾನ್ ಬಾಸ್ಕೊ ಪರಂಪರೆಯವರು ತಮ್ಮ ಸ್ಥಾಪಕರು ಹೇಳಿಕೊಟ್ಟಂತೆ ದಂಡನೆಯ ಬದಲು ವಿವೇಕ, ಧರ್ಮ ಮತ್ತು ಮಮತೆಯಿಂದ ಮಕ್ಕಳನ್ನು ಬೆಳೆಸಬೇಕೆಂಬ ತತ್ವಕ್ಕೆ ಬದ್ಧರಾದವರು, ಮಕ್ಕಳ ಜೊತೆ ಮೈದಾನದಲ್ಲಿ ಆಡುವುದೂ ಅವರ ಶಿಕ್ಷಣ ಕ್ರಮದ ಭಾಗ. ಶಾಲೆಯ ಮುಖ್ಯಸ್ಥರನ್ನು ಕಂಡಾಗ "ನಿಮ್ಮ ಸಭೆ ಯಾವುದು, ಮಕ್ಕಳನ್ನು ಬೆಳೆಸುವ ಬಗ್ಗೆ ನಿಮ್ಮ ಸ್ಥಾಪಕರು ಏನು ಹೇಳಿದ್ದಾರೆ?" ಎಂದು ಕೇಳಿ. ಉತ್ತರ ಹೇಳುವಾಗ ಅವರ ಮುಖ ಅರಳಿದರೆ ಅದು ಒಳ್ಳೆಯ ಲಕ್ಷಣವೆಂದು ನಾನು ಅನುಭವದಿಂದ ನಂಬಿದ್ದೇನೆ.

'ಬೋರ್ಡಿಂಗ್' ಎಂಬ ಒಂದೇ ಹೆಸರಿನಲ್ಲಿ ಮೂರು ಬಗೆಯ ವ್ಯವಸ್ಥೆಗಳಿವೆ. ಎಲ್ಲ ಮಕ್ಕಳೂ ಅಲ್ಲೇ ಉಳಿಯುವ ಪೂರ್ಣ ವಸತಿ ಶಾಲೆ ಒಂದು. ಸಾವಿರಾರು ಮಕ್ಕಳು ಬಂದು ಹೋಗುವ ಶಾಲೆಯ ಹಿಂಭಾಗದಲ್ಲಿ ಅರವತ್ತು ಎಪ್ಪತ್ತು ಮಕ್ಕಳ ಹಾಸ್ಟೆಲ್ ಇರುವುದು ಎರಡನೆಯದು. ಬಡ ಕುಟುಂಬಗಳ ಮಕ್ಕಳಿಗಾಗಿ ಧರ್ಮಕೇಂದ್ರದವರು ಚರ್ಚಿನ ಪಕ್ಕದಲ್ಲೇ ನಡೆಸುವ ಬೋರ್ಡಿಂಗ್ ಮೂರನೆಯದು. ಅಲ್ಲಿ ಶುಲ್ಕ ಕಡಿಮೆ, ಮಕ್ಕಳು ಕಸ ಗುಡಿಸುವುದು, ಕೈತೋಟದ ಕೆಲಸ ಮಾಡುವುದು ದಿನಚರಿಯಲ್ಲಿ ಸೇರಿರುತ್ತದೆ. ಎರಡನೆಯ ಬಗೆಯದರಲ್ಲಿ ಒಂದು ತೊಡಕಿದೆ. ಶಾಲೆಯ ಹೆಸರು ಹಗಲು ಬಂದು ಹೋಗುವ ಮಕ್ಕಳಿಂದ ಬಂದಿರುತ್ತದೆ, ಹಾಸ್ಟೆಲಿನ ಸ್ಥಿತಿ ಊರಿನವರಿಗೆ ಗೊತ್ತೇ ಇರುವುದಿಲ್ಲ. ನಿಮಗೆ ಶಿಫಾರಸು ಮಾಡಿದವರ ಮಕ್ಕಳು ಅಲ್ಲಿ ರಾತ್ರಿ ಉಳಿದಿದ್ದರೋ ಅಥವಾ ಸಂಜೆ ಮನೆಗೆ ಹೋಗುತ್ತಿದ್ದರೋ ಎಂದು ಕೇಳಿ ತಿಳಿದುಕೊಳ್ಳಿ.

ಈಗ ರಾತ್ರಿಯ ಮಾತಿಗೆ ಬರುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ವಯಸ್ಸಾದ ಸಿಸ್ಟರೊಬ್ಬರು ಚಿಕ್ಕ ಮಕ್ಕಳ ಮಲಗುವ ಕೋಣೆಯನ್ನು ನೋಡಿಕೊಳ್ಳುತ್ತಿದ್ದರು. ಆ ವರ್ಷ ಸೇರಿದ ಹುಡುಗಿಯೊಬ್ಬಳು ಮೊದಲ ತಿಂಗಳೆಲ್ಲ ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಳು. ಹೊಸದಾಗಿ ಮನೆ ಬಿಟ್ಟ ಮಕ್ಕಳಲ್ಲಿ ಇದು ಸಾಮಾನ್ಯ. ಎಲ್ಲರೂ 5 ಗಂಟೆಗೆ ಏಳುವ ಮೊದಲೇ, 4 ಗಂಟೆಗೆ, ಆ ಸಿಸ್ಟರ್ ದೀಪ ಹಾಕದೆ ಬಂದು ಅವಳನ್ನು ಮೆಲ್ಲಗೆ ಎಬ್ಬಿಸಿ, ಬಚ್ಚಲಿಗೆ ಕಳಿಸಿ, ಅವಳು ಮರಳಿ ಬರುವಷ್ಟರಲ್ಲಿ ಹೊದಿಕೆ ಬದಲಿಸಿ, ಒದ್ದೆ ಬಟ್ಟೆಯನ್ನು ತಮ್ಮ ಬಟ್ಟೆಗಳ ಬುಟ್ಟಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಪಕ್ಕದ ಮಂಚದ ಹುಡುಗಿಗೂ ಅದು ತಿಳಿಯಲಿಲ್ಲ. ಎರಡು ತಿಂಗಳಲ್ಲಿ ಅದು ತಾನಾಗಿ ನಿಂತಿತು. ಕೆಲವು ವರ್ಷಗಳ ನಂತರ ಬೇರೊಂದು ಹಾಸ್ಟೆಲಿಗೆ ಹೋದಾಗ, ಅಂಗಳದ ನಡುವೆ ಮೂರು ಹಾಸಿಗೆಗಳನ್ನು ಬಿಸಿಲಿಗೆ ಒರಗಿಸಿ, ಆ ಮೂವರು ಮಕ್ಕಳನ್ನು ಅವುಗಳ ಪಕ್ಕ ನಿಲ್ಲಿಸಿದ್ದನ್ನು ಕಂಡೆ. ಶಾಲೆಗೆ ಹೋಗುವ ಮಕ್ಕಳೆಲ್ಲ ಅದೇ ದಾರಿಯಲ್ಲಿ ಹಾದುಹೋಗಬೇಕಿತ್ತು. ಅದೂ ಕ್ಯಾಥೋಲಿಕರೇ ನಡೆಸುವ ಹಾಸ್ಟೆಲು, ಅದರ ಪ್ರಾರ್ಥನಾಲಯವೂ ಸುಂದರವಾಗಿತ್ತು, ಫಲಿತಾಂಶವೂ ಚೆನ್ನಾಗಿತ್ತು. ಅಂದಿನಿಂದ ನಾನು ಯಾವ ಪೋಷಕರಿಗೂ "ಕ್ಯಾಥೋಲಿಕ್ ಶಾಲೆಯಾದರೆ ಸಾಕು" ಎಂದು ಹೇಳಿಲ್ಲ. ಒಂದೇ ಧರ್ಮ, ಒಂದೇ ಪ್ರಾರ್ಥನೆ ಇದ್ದರೂ ರಾತ್ರಿ ಮಕ್ಕಳ ಕೋಣೆಯಲ್ಲಿರುವ ವ್ಯಕ್ತಿ ಎಂಥವರು ಎಂಬುದರ ಮೇಲೆ ಬೋರ್ಡಿಂಗ್ ನಿಂತಿರುತ್ತದೆ.

ಹಾಗಾಗಿ ಶಾಲೆ ನೋಡಲು ಹೋಗುವಾಗ ಬೆಳಿಗ್ಗೆ ಹೋಗಬೇಡಿ, ಮಧ್ಯಾಹ್ನ 3 ಗಂಟೆಗೆ ತಲುಪಿ ದೀಪ ಹಚ್ಚುವ ಹೊತ್ತಿನವರೆಗೂ ಇರಲು ಅನುಮತಿ ಕೇಳಿ. ಶಾಲೆ ಬಿಟ್ಟ ಮಕ್ಕಳು ಹಾಸ್ಟೆಲಿಗೆ ಓಡುತ್ತಾ ಬರುತ್ತಾರೋ ಕಾಲೆಳೆಯುತ್ತಾ ಬರುತ್ತಾರೋ ನೋಡಿ. ವಾರ್ಡನ್ ಎದುರಾದಾಗ ಮಕ್ಕಳ ಮಾತು ಒಮ್ಮೆಲೇ ನಿಂತುಹೋದರೆ ಅದನ್ನು ಶಿಸ್ತೆಂದು ತಿಳಿಯಬೇಡಿ. ಬಚ್ಚಲುಮನೆಗಳಿಗೆ ಒಳಗಿನಿಂದ ಚಿಲಕ ಇದೆಯೇ, ರಾತ್ರಿ ಅಲ್ಲಿಗೆ ಹೋಗುವ ದಾರಿಯಲ್ಲಿ ದೀಪ ಇದೆಯೇ, ಎಷ್ಟು ಮಕ್ಕಳಿಗೆ ಎಷ್ಟು ಶೌಚಾಲಯ, ಬಟ್ಟೆ ಒಣಹಾಕುವ ತಂತಿ ಎಲ್ಲಿದೆ, ಒಳಬಟ್ಟೆಗಳನ್ನು ಮರೆಯಲ್ಲಿ ಒಣಗಿಸಲು ಜಾಗ ಇದೆಯೇ ಎಂಬುದನ್ನು ಕಣ್ಣಾರೆ ನೋಡಿ. ನಮ್ಮ ಕಡೆಯ ಶಾಲೆಯಾದರೆ ಮಲಗುವ ಕೋಣೆಯ ಮೇಲೆ ತಗಡಿದೆಯೋ ಆರ್‌ಸಿಸಿ ಇದೆಯೋ ನೋಡಲೇಬೇಕು. ರಾಯಚೂರು, ಬಳ್ಳಾರಿಗಳಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಮಾರ್ಚ್ ಪರೀಕ್ಷೆಯ ವೇಳೆಗೇ ತಗಡಿನ ಕೆಳಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಕುಡಿಯುವ ನೀರು ಬೋರ್‌ವೆಲ್ಲಿನದೋ ಶುದ್ಧೀಕರಿಸಿದ್ದೋ ಎಂದೂ ಕೇಳಿ.

ಇಲ್ಲೊಂದು ಸೂಕ್ಷ್ಮವಿದೆ. ಧಾರ್ಮಿಕ ಸಭೆಗಳಲ್ಲಿ ಸಿಸ್ಟರುಗಳಿಗೂ ಫಾದರುಗಳಿಗೂ ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆ ಆಗುತ್ತದೆ, ಹೆಚ್ಚಾಗಿ ಬೇಸಿಗೆ ರಜೆಯಲ್ಲೇ ಆಗುತ್ತದೆ. ಫೆಬ್ರುವರಿಯಲ್ಲಿ ನೀವು ಕಂಡು ಮೆಚ್ಚಿದ ವಾರ್ಡನ್ ಜೂನ್‌ನಲ್ಲಿ ಇರದೇ ಹೋಗಬಹುದು. ಅದಕ್ಕಾಗಿ "ಮುಂದಿನ ವರ್ಷವೂ ನೀವೇ ಇರುತ್ತೀರಾ?" ಎಂದು ನೇರವಾಗಿ ಕೇಳಿ, ಅವರು ಬೇಸರಪಡುವುದಿಲ್ಲ. ಜೊತೆಗೆ ಅಲ್ಲಿ ಬಹಳ ವರ್ಷಗಳಿಂದ ಇರುವ ಮೇಟ್ರನ್, ಅಡುಗೆಯವರು, ಆಯಾ ಯಾರೆಂದು ವಿಚಾರಿಸಿ ಅವರೊಂದಿಗೂ ಮಾತಾಡಿ. ವಾರ್ಡನ್ ಬದಲಾದರೂ ಮಕ್ಕಳ ಅಭ್ಯಾಸ ಬದಲಾಗದಂತೆ ಹಿಡಿದಿಡುವವರು ಇವರೇ. ಅಡುಗೆಯವರು ಎರಡು ವರ್ಷಕ್ಕೊಮ್ಮೆ ಬಿಟ್ಟು ಹೋಗುವ ಹಾಸ್ಟೆಲಿನ ಬಗ್ಗೆ ನನಗೆ ಅನುಮಾನ ಬರುತ್ತದೆ.

ಇಂಗ್ಲಿಷ್ ಬಗ್ಗೆ ನಿಮ್ಮ ಯಜಮಾನರು ಹೇಳುವುದರಲ್ಲಿ ತಪ್ಪಿಲ್ಲ. ಕನ್ನಡ ಮಾಧ್ಯಮದಿಂದ 6ನೇ ತರಗತಿಗೆ ಬಂದ ಮಗು ಸಾಮಾನ್ಯವಾಗಿ ಒಂದೂವರೆ ಎರಡು ವರ್ಷದಲ್ಲಿ ಹೊಂದಿಕೊಳ್ಳುವುದನ್ನು ನೋಡಿದ್ದೇನೆ, ಗಣಿತ ವಿಜ್ಞಾನಗಳಲ್ಲಿ ಮೊದಲ ವರ್ಷ ಅಂಕ ಕುಸಿದರೆ ಗಾಬರಿಯಾಗುವ ಅಗತ್ಯವಿಲ್ಲ. ಆದರೆ ಹಾಸ್ಟೆಲಿನೊಳಗೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಿದರೆ ದಂಡ ಎಂಬ ನಿಯಮವಿದ್ದ ಕಡೆಗೆ ಹಳ್ಳಿಯಿಂದ ಬರುವ ಮಗುವನ್ನು ಕಳಿಸಬೇಡಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಒಂದು ಸಂಜೆ ನಿಮ್ಮ ತಾಲ್ಲೂಕಿನ ಕಡೆಯವಳೇ ಒಬ್ಬ ಹುಡುಗಿ ಆಗತಾನೆ ಕರಾವಳಿಯಿಂದ ವರ್ಗವಾಗಿ ಬಂದಿದ್ದ ಸಿಸ್ಟರ್ ಬಳಿ ಹೋಗಿ "ಹೊಟ್ಟಿ ಕಡ್ಯಾಕತ್ತೈತ್ರಿ" ಎಂದಳು. ಅವರ ಕನ್ನಡದಲ್ಲಿ ಕಡಿಯುವುದೆಂದರೆ ಹುಳವೋ ಇರುವೆಯೋ ಕಚ್ಚುವುದು. ಹೊಟ್ಟೆಯ ಮೇಲೆ ಹುಡುಕಿ, ಏನೂ ಕಾಣದಿದ್ದರೂ ಮುಲಾಮು ಹಚ್ಚಿ ಕಳಿಸಿದರು. ರಾತ್ರಿ ಜ್ವರ ಏರಿದಾಗಲೇ ಅದು ಹೊಟ್ಟೆನೋವೆಂದು ಎಲ್ಲರಿಗೂ ತಿಳಿದದ್ದು. ಆ ಸಿಸ್ಟರ್ ಬಹಳ ನೊಂದುಕೊಂಡರು. ಮರುದಿನದಿಂದ ಒಂದು ನೋಟ್‌ಬುಕ್ಕಿನಲ್ಲಿ ನಮ್ಮ ಕಡೆಯ ಮಕ್ಕಳ ಮಾತುಗಳನ್ನು ಬರೆದಿಟ್ಟುಕೊಳ್ಳತೊಡಗಿದರು, ವರ್ಷದ ಕೊನೆಗೆ ಮಕ್ಕಳ ಜೊತೆ ಅದೇ ಮಾತಿನಲ್ಲಿ ಮಾತಾಡುತ್ತಿದ್ದರು. ಸಿಸ್ಟರುಗಳಲ್ಲಿ ಅನೇಕರು ಕೊಂಕಣಿ, ತುಳು, ಮಲಯಾಳಂ ಮನೆಮಾತಿನವರು. ಮಗು ನೋವನ್ನು ತನ್ನ ಮಾತಿನಲ್ಲಿ ಹೇಳಿದರೆ ಅರ್ಥಮಾಡಿಕೊಳ್ಳುವ ಒಬ್ಬರಾದರೂ ಹಾಸ್ಟೆಲಿನಲ್ಲಿ ರಾತ್ರಿ ಇರುತ್ತಾರೆಯೇ ಎಂಬುದನ್ನು ಹೈದರಾಬಾದ್ ಶಾಲೆಯ ವಿಷಯದಲ್ಲಂತೂ ಖಂಡಿತ ಕೇಳಬೇಕು. ಇನ್ನು ಕನ್ನಡ ಕಲಿಕೆಯ ಚಿಂತೆ ಕರ್ನಾಟಕದೊಳಗೆ ಬೇಡ, ಕನ್ನಡ ಭಾಷಾ ಕಲಿಕೆ ಕಾಯ್ದೆ 2015ರ ಪ್ರಕಾರ ಯಾವ ಪಠ್ಯಕ್ರಮದ ಶಾಲೆಯಾದರೂ ಕನ್ನಡವನ್ನು ಕಲಿಸಲೇಬೇಕು.

ನಿಮ್ಮ ಅತ್ತೆಯವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೊಮ್ಮಗಳ ಮೇಲಿನ ಪ್ರೀತಿಯಿಂದ ಬಂದ ಮಾತು ಅದು, ಅದಕ್ಕೆ ಸ್ಪಷ್ಟ ಉತ್ತರ ಸಿಗಬೇಕು. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಅದೇ ಸಂವಿಧಾನದ 28ನೇ ವಿಧಿಯ 3ನೇ ಖಂಡ, ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಅಥವಾ ಪೂಜೆಗೆ ಹಾಜರಾಗುವಂತೆ ಮಾಡಬಾರದೆಂದು ಹೇಳುತ್ತದೆ. ಅಪ್ರಾಪ್ತ ವಯಸ್ಸಿನವರಾದರೆ ಆ ಒಪ್ಪಿಗೆ ಪೋಷಕರದು. ಧರ್ಮಸಭೆಯ ಸ್ವಂತ ಕಾನೂನಿನ 748ನೇ ನಿಯಮವೂ ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಕ್ಯಾಥೋಲಿಕ್ ವಿಶ್ವಾಸಕ್ಕೆ ಬಲವಂತದಿಂದ ತರುವಂತಿಲ್ಲ ಎನ್ನುತ್ತದೆ. 2024ರಲ್ಲಿ ಭಾರತದ ಕ್ಯಾಥೋಲಿಕ್ ಧರ್ಮಾಧ್ಯಕ್ಷರ ಮಂಡಳಿ ತನ್ನ ಶಾಲೆಗಳಿಗೆ ಕಳಿಸಿದ ಮಾರ್ಗಸೂಚಿಯಲ್ಲಿ, ಕ್ರೈಸ್ತ ಆಚರಣೆಗಳನ್ನು ಬೇರೆ ಧರ್ಮದ ಮಕ್ಕಳ ಮೇಲೆ ಹೇರಬಾರದು, ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಓದಿಸಬೇಕು ಎಂದು ತಿಳಿಸಿದೆ.

ಕಾಗದದ ಮಾತು ಇಷ್ಟು. ದಿನಚರಿಯಲ್ಲಿ ನಿಮ್ಮ ಮಗಳು ಕಾಣುವುದೇನು? ಬೆಳಿಗ್ಗೆ ಪ್ರಾರ್ಥನೆ, ಊಟಕ್ಕೆ ಮುನ್ನ ಒಂದು ಸಣ್ಣ ಪ್ರಾರ್ಥನೆ, ಮಲಗುವ ಮುನ್ನ ಇನ್ನೊಂದು. ಗೋಡೆಯ ಮೇಲೆ ಶಿಲುಬೆ, ಅಂಗಳದಲ್ಲಿ ಯೇಸುವಿನ ತಾಯಿ ಮರಿಯಮ್ಮನವರ ಗವಿ. ಭಾನುವಾರ ಕ್ಯಾಥೋಲಿಕ್ ಮಕ್ಕಳು ಬಲಿಪೂಜೆಗೆ (ಚರ್ಚಿನ ಮಾಸ್) ಹೋಗುತ್ತಾರೆ, ಅವರಿಗೆ ಧರ್ಮೋಪದೇಶದ ತರಗತಿ ಇರುವ ಹೊತ್ತಿಗೆ ಉಳಿದವರಿಗೆ ಮೌಲ್ಯಶಿಕ್ಷಣ ಇರುತ್ತದೆ. ಅಕ್ಟೋಬರ್ ತಿಂಗಳಲ್ಲಿ ಜಪಸರದ ಪ್ರಾರ್ಥನೆ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಯೇಸುವಿನ ಯಾತನೆಯನ್ನು ನೆನೆಯುವ ಶಿಲುಬೆಯ ಹಾದಿ, ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಗೋದಲಿ. ಇವುಗಳ ನಡುವೆ ಬದುಕಿದ ಮಗು ಯೇಸುವಿನ ಹಾಡುಗಳನ್ನು ಕಲಿಯುತ್ತಾಳೆ, ರಜೆಯಲ್ಲಿ ಮನೆಗೆ ಬಂದು ಹಾಡಿಯೂ ಹಾಡುತ್ತಾಳೆ. ಅದನ್ನು ಸಹಿಸಲಾಗದಿದ್ದರೆ ಈ ಬಗೆಯ ಶಾಲೆ ನಿಮ್ಮ ಮನೆಗೆ ಹೊಂದುವುದಿಲ್ಲ, ಅದನ್ನು ಈಗಲೇ ಅತ್ತೆಯವರ ಜೊತೆ ಕೂತು ಮಾತಾಡಿಕೊಳ್ಳಿ. ಕ್ಯಾಥೋಲಿಕ್ ಶಾಲೆಯನ್ನು ಆರಿಸಿ, ಅಲ್ಲಿ ಪ್ರಾರ್ಥನೆಯೇ ಇರಬಾರದೆಂದು ಬಯಸುವುದು ಆ ಸಿಸ್ಟರುಗಳಿಗೂ ನ್ಯಾಯವಲ್ಲ. ನೀವು ಕೇಳಬೇಕಾದ್ದು ಬೇರೆ: ಕ್ಯಾಥೋಲಿಕ್ ಮಕ್ಕಳು ಪೂಜೆಗೆ ಹೋದಾಗ ನನ್ನ ಮಗಳು ಎಲ್ಲಿ ಕೂರುತ್ತಾಳೆ, ಅವಳ ಜೊತೆ ಯಾರಿರುತ್ತಾರೆ? ಕೊರಳಲ್ಲಿ ಇಷ್ಟಲಿಂಗ ಧರಿಸಲು, ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಹತ್ತು ನಿಮಿಷ ಕೂರಲು ಅವಳಿಗೆ ಅವಕಾಶ ಇದೆಯೇ? ಆಭರಣ ಬೇಡವೆಂಬ ನಿಯಮದಡಿ ಇಷ್ಟಲಿಂಗವನ್ನೂ ತೆಗೆಸಿದ ಉದಾಹರಣೆ ನನಗೆ ಗೊತ್ತು. ಹಾಗೆಯೇ, ಪ್ರಾರ್ಥನಾಲಯದ ಪಕ್ಕದ ಸಣ್ಣ ಕೋಣೆಯನ್ನು ಲಿಂಗಪೂಜೆ ಮಾಡುವ ಮಕ್ಕಳಿಗೆ ಬಿಟ್ಟುಕೊಟ್ಟು, "ದೇವರಿಗೆ ಕೊಡುವ ಹತ್ತು ನಿಮಿಷವನ್ನು ಯಾರೂ ತಪ್ಪಿಸಬಾರದು" ಎಂದ ಪ್ರಾಂಶುಪಾಲರನ್ನೂ ಕಂಡಿದ್ದೇನೆ. ಎರಡನೆಯ ಬಗೆಯವರು ಸಿಕ್ಕರೆ ಮಗಳ ಭಕ್ತಿ ಅಳಿಯುವುದಿಲ್ಲ, ಬಹುಶಃ ಇನ್ನಷ್ಟು ಗಟ್ಟಿಯಾಗುತ್ತದೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಬೇರೆ ಪಾತ್ರೆ, ಬೇರೆ ಸೌಟು ಇದೆಯೇ ಎಂದು ಅಡುಗೆಮನೆಯಲ್ಲೇ ನಿಂತು ನೋಡಿ. ಮಾಂಸದೂಟದ ದಿನ ಸಸ್ಯಾಹಾರಿ ಮಕ್ಕಳಿಗೆ ತಿಳಿಸಾರಷ್ಟೇ ಸಿಗುತ್ತದೆಯೋ ಅಥವಾ ಅವರಿಗೂ ಒಂದು ಪಲ್ಯ ಮಾಡುತ್ತಾರೋ ಎಂದು ಮಕ್ಕಳನ್ನೇ ಕೇಳಿ. ಮಂಗಳೂರಿಗೆ ಕಳಿಸಿದರೆ ಕುಚಲಕ್ಕಿ ಅನ್ನ, ತೆಂಗಿನೆಣ್ಣೆಯ ಒಗ್ಗರಣೆ. ಜೋಳದ ರೊಟ್ಟಿ, ಪುಂಡಿಪಲ್ಯಕ್ಕೆ ಒಗ್ಗಿದ ನಾಲಿಗೆಗೆ ಮೊದಲ ಎರಡು ತಿಂಗಳು ಅದು ಹಿಡಿಸುವುದಿಲ್ಲ, ಮಗು ತೂಕ ಇಳಿಯುತ್ತದೆ, ಆಮೇಲೆ ಸರಿಹೋಗುತ್ತದೆ. ಹಬ್ಬಗಳ ಬಗ್ಗೆಯೂ ಮೊದಲೇ ಕೇಳಿಕೊಳ್ಳಿ. ಕ್ರಿಸ್‌ಮಸ್ ರಜೆ ಎಲ್ಲ ಕಡೆ ಇರುತ್ತದೆ, ಆದರೆ ನಮ್ಮ ಭಾಗದಲ್ಲಿ ಹೆಣ್ಣುಮಕ್ಕಳ ದೊಡ್ಡ ಹಬ್ಬವೆಂದರೆ ನಾಗರ ಪಂಚಮಿ. ಊರಲ್ಲಿ ಜೋಕಾಲಿ ಕಟ್ಟಿದ ದಿನ ಹಾಸ್ಟೆಲಿನಲ್ಲಿ ಕೂತ ಹುಡುಗಿಯರ ಕಣ್ಣೀರನ್ನು ನಾನು ಪ್ರತಿವರ್ಷ ಒರೆಸಿದ್ದೇನೆ. ದೂರದ ಶಾಲೆಯಾದರೆ ಆ ರಜೆ ಸಿಗುವುದಿಲ್ಲ, ಸಿಕ್ಕರೂ ಒಂದು ದಿನಕ್ಕೆ ಬಂದು ಹೋಗಲು ಆಗುವುದಿಲ್ಲ.

ನಿಮ್ಮ ಪತ್ರದಲ್ಲಿ ಇಲ್ಲದ ಇನ್ನೊಂದು ವಿಷಯವನ್ನು ತಾಯಿಯಾದ ನಿಮಗೇ ಹೇಳಬೇಕು. 6ನೇ ತರಗತಿ ಎಂದರೆ 11 ವರ್ಷ. ಆಕೆ ಮೊದಲ ಬಾರಿ ಮುಟ್ಟಾಗುವುದು ಹಾಸ್ಟೆಲಿನಲ್ಲೇ ಆಗಬಹುದು. ಕಳಿಸುವ ಮುನ್ನ ನೀವೇ ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿ, ಪೆಟ್ಟಿಗೆಯಲ್ಲಿ ಪ್ಯಾಡುಗಳನ್ನು ಇಟ್ಟು ಬಳಸುವ ಬಗೆ ತೋರಿಸಿ. ಶಾಲೆಯಲ್ಲಿ ಇದನ್ನು ಯಾರು ನೋಡಿಕೊಳ್ಳುತ್ತಾರೆ, ರಾತ್ರಿಯಾದರೆ ಯಾರ ಬಾಗಿಲು ತಟ್ಟಬೇಕು, ಶೌಚಾಲಯದಲ್ಲಿ ಮುಚ್ಚಳವಿರುವ ಡಬ್ಬಿ ಇದೆಯೇ, ಮನೆಗೆ ಅದೇ ದಿನ ಫೋನ್ ಮಾಡಲು ಬಿಡುತ್ತಾರೆಯೇ ಎಂದು ವಾರ್ಡನ್ ಅವರನ್ನು ಕೇಳಿ. ಹೆಂಗಸರು ನಡೆಸುವ ಹಾಸ್ಟೆಲಿನಲ್ಲಿ ಈ ಪ್ರಶ್ನೆಗೆ ಸಂಕೋಚವಿಲ್ಲದ ಉತ್ತರ ಬರಬೇಕು.

ಸುರಕ್ಷತೆಯ ಬಗ್ಗೆ ಸಂಕೋಚ ಸಲ್ಲದು. ಧರ್ಮದ ಉಡುಪು ಧರಿಸಿದವರಿಂದಲೂ ಮಕ್ಕಳಿಗೆ ಅನ್ಯಾಯವಾಗಿರುವುದನ್ನು ಧರ್ಮಸಭೆಯೇ ಒಪ್ಪಿಕೊಂಡಿದೆ. ಇಂತಹ ದೂರುಗಳನ್ನು ಮುಚ್ಚಿಡದೆ ತಿಳಿಸಬೇಕೆಂದು ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿದ ಆಜ್ಞೆ ಗುರುಗಳಿಗೂ ಧರ್ಮಭಗಿನಿಯರಿಗೂ ಅನ್ವಯಿಸುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದ್ದರಿಂದ, ಅಲ್ಲಿ ಮಕ್ಕಳಿಗೆ ಕಾನೂನಿನ ರಕ್ಷಣೆಯೇ ಇಲ್ಲವೆಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ಮಕ್ಕಳ ಮೇಲಿನ ಕ್ರೌರ್ಯವನ್ನು ಶಿಕ್ಷಿಸುವ ಬಾಲನ್ಯಾಯ ಕಾಯ್ದೆ 2015ರ 75ನೇ ಕಲಮು, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆ ಯಾವ ಶಾಲೆಗೂ ವಿನಾಯಿತಿ ಕೊಡುವುದಿಲ್ಲ. ಪೋಕ್ಸೋ ಪ್ರಕಾರ ಅಪರಾಧ ತಿಳಿದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ, ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ಇದೆ. ಆದ್ದರಿಂದ ಶಾಲೆಯ ಲಿಖಿತ ಮಕ್ಕಳ ಸಂರಕ್ಷಣಾ ನೀತಿಯನ್ನು ತೋರಿಸುವಂತೆ ಕೇಳಿ. ಹಾಸ್ಟೆಲಿನ ಗೋಡೆಯ ಮೇಲೆ 1098 ಸಂಖ್ಯೆ ಬರೆದಿದೆಯೇ, ಮಗು ಯಾರ ಕಣ್ಗಾವಲೂ ಇಲ್ಲದೆ ಮನೆಗೆ ಫೋನ್ ಮಾಡಬಹುದೇ ಎಂದು ವಿಚಾರಿಸಿ. ವಾರ್ಡನ್ ಪಕ್ಕದಲ್ಲಿ ನಿಂತು ಸ್ಪೀಕರ್ ಹಾಕಿಸುವ ಕಡೆ, ಮಗು "ಚೆನ್ನಾಗಿದ್ದೇನೆ" ಎಂದ ಮಾತ್ರಕ್ಕೆ ನೆಮ್ಮದಿಪಡುವಂತಿಲ್ಲ.

ಊರಿನ ಆಯ್ಕೆ ಉಳಿಯಿತು. ಇಲ್ಲಿ ನಿಮ್ಮ ಯಜಮಾನರು ಗಮನಿಸದ ಒಂದು ಲೆಕ್ಕವಿದೆ. ಮಗಳು ಈಗ ಹಳ್ಳಿಯ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾಳೆ. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿ ಮೂಲಕ ಎಂಜಿನಿಯರಿಂಗ್‌ನಂತಹ ಕೋರ್ಸುಗಳಿಗೆ ಸೀಟು ಹಂಚುವಾಗ 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡ 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲಾತಿ ಇದೆ. 6ನೇ ತರಗತಿಗೆ ನಗರದ ಇಂಗ್ಲಿಷ್ ಶಾಲೆಗೆ ಸೇರಿಸಿದ ದಿನವೇ ಇವೆರಡೂ ಕೈತಪ್ಪುತ್ತವೆ. ಹೀಗೆಂದು ಕಳಿಸಬೇಡಿ ಎನ್ನುತ್ತಿಲ್ಲ, ಬಿಟ್ಟುಕೊಡುತ್ತಿರುವುದೇನೆಂದು ತಿಳಿದು ಬಿಟ್ಟುಕೊಡಿ. ಹೈದರಾಬಾದ್‌ಗೆ ಕಳಿಸಿದರೆ ಇನ್ನೊಂದು ನಿಯಮ ಅಡ್ಡ ಬರುತ್ತದೆ. ಕೆಲವು ವಿಶೇಷ ವರ್ಗಗಳನ್ನು ಬಿಟ್ಟರೆ, ಸಿಇಟಿ ಸೀಟಿಗೆ 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, 10ನೇ ತರಗತಿಯನ್ನಾಗಲಿ ಪಿಯುಸಿಯನ್ನಾಗಲಿ ಇಲ್ಲೇ ಪಾಸಾಗಿರಬೇಕು. ಮಗಳು ಇಲ್ಲಿ 5 ವರ್ಷ ಓದಿದ್ದಾಳೆ. 10ರವರೆಗೆ ಹೊರಗೆ ಓದಿ ಪಿಯುಸಿಗೆ ಮರಳಿದರೆ ಸರಿಯಾಗಿ 7 ಆಗುತ್ತದೆ, ಮರಳದಿದ್ದರೆ ಆಗುವುದಿಲ್ಲ. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಇರುವ ಮೀಸಲಾತಿಯ ಮಟ್ಟಿಗೆ ಭಯ ಬೇಡ, ಇಲ್ಲಿ ಹುಟ್ಟಿದ ಮಗುವಿಗೆ ಹೊರಗೆ ಓದಿದ ಕಾರಣಕ್ಕೆ ಆ ಅರ್ಹತೆ ತಪ್ಪುವುದಿಲ್ಲ. ಜನನ ಪ್ರಮಾಣಪತ್ರ, ಈಗಿನ ಶಾಲೆಯ ವ್ಯಾಸಂಗ ಪ್ರಮಾಣಪತ್ರಗಳನ್ನು ಜೋಪಾನವಾಗಿಟ್ಟು, ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪತ್ರ ಮಾಡಿಸಿಕೊಳ್ಳಿ.

ಹೀಗೆ ನೋಡಿದರೆ ನನ್ನ ಸಲಹೆ ಬಳ್ಳಾರಿಯ ಕಡೆಗೇ ವಾಲುತ್ತದೆ. ಸಿಂಧನೂರಿನಿಂದ ಬೆಳಿಗ್ಗೆ ಬಸ್ ಹತ್ತಿದರೆ ಮಗುವನ್ನು ಕಂಡು ಸಂಜೆಗೆ ಮನೆ ಸೇರಬಹುದು, ರಾತ್ರಿ ಜ್ವರವೆಂದು ಫೋನ್ ಬಂದರೆ ಬೆಳಗಾಗುವಷ್ಟರಲ್ಲಿ ತಲುಪಬಹುದು. ಮಂಗಳೂರಿಗೆ ಘಟ್ಟ ಇಳಿದು ಹೋಗಬೇಕು, ಮಳೆಗಾಲದಲ್ಲಿ ದಾರಿ ಯಾವಾಗ ಮುಚ್ಚುತ್ತದೆಂದು ಹೇಳಲಾಗದು. 11 ವರ್ಷದ ಮಗುವಿಗೆ ಅಷ್ಟು ದೂರ ಬೇಡ, ಅಲ್ಲಿನ ಒಳ್ಳೆಯ ಕಾಲೇಜುಗಳು ಪಿಯುಸಿಗೂ ಕಾದಿರುತ್ತವೆ. ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ 6ನೇ ತರಗತಿಯಿಂದಲೇ ಆರಂಭವಾಗುತ್ತವೆ. 5ನೇ ತರಗತಿಯಲ್ಲಿದ್ದಾಗಲೇ ಅವುಗಳ ಪ್ರವೇಶ ಪರೀಕ್ಷೆಗಳಿಗೂ ಅರ್ಜಿ ಹಾಕಿಸಿಡಿ.

ಶುಲ್ಕದ ಬಗ್ಗೆ ಒಂದೇ ಮಾತು: ಬೋಧನಾ ಶುಲ್ಕ, ಹಾಸ್ಟೆಲ್ ಶುಲ್ಕ, ಠೇವಣಿ ಮೂರನ್ನೂ ಬಿಡಿಬಿಡಿಯಾಗಿ ಬರೆಸಿಕೊಂಡು, ಮಗು ಮಧ್ಯದಲ್ಲಿ ಬಿಟ್ಟರೆ ಎಷ್ಟು ಮರಳುತ್ತದೆಂದು ಕೇಳಿ, ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇಷ್ಟೆಲ್ಲ ನೋಡಿ ಒಂದು ಶಾಲೆ ಮನಸ್ಸಿಗೆ ಬಂದ ಮೇಲೆ ಎರಡನೆಯ ಬಾರಿ ಮಗಳನ್ನೂ ಕರೆದುಕೊಂಡು ಹೋಗಿ. ಸಾಧ್ಯವಾದರೆ ಅತ್ತೆಯವರೂ ಬರಲಿ, ಪ್ರಾರ್ಥನಾಲಯವನ್ನೂ ಅಡುಗೆಮನೆಯನ್ನೂ ಅವರೇ ಕಣ್ಣಾರೆ ನೋಡಲಿ. ಮಗಳು ಅಲ್ಲಿನ ಮಕ್ಕಳ ಸಾಲಿನಲ್ಲೇ ಕೂತು ಒಂದು ಹೊತ್ತು ಊಟ ಮಾಡಲಿ, ನೀವು ಬೇರೆ ಕೋಣೆಯಲ್ಲಿರಿ. ಮರಳುವ ಬಸ್ಸಿನಲ್ಲಿ "ಹ್ಯಾಂಗಿತ್ತು?" ಎಂದು ಕೂಡಲೇ ಕೇಳಬೇಡಿ, ಅವಳೇ ಬಾಯಿಬಿಡುವವರೆಗೆ ಕಾಯಿರಿ. ಅವಳು ಹೇಳುವ ಮೊದಲ ಮಾತು ಶಾಲೆಯ ಬಗ್ಗೆ ಅಲ್ಲದೆ ಅಲ್ಲಿ ಸಿಕ್ಕ ಯಾವುದೋ ಹುಡುಗಿಯ ಬಗ್ಗೆ ಇದ್ದರೆ ಅರ್ಜಿ ತುಂಬಿ. ಕಿಟಕಿಯ ಕಡೆ ಮುಖ ಮಾಡಿ ಕೂತು ರಾತ್ರಿ ನಿಮ್ಮ ಸೆರಗು ಹಿಡಿದು ಮಲಗಿದರೆ ಒಂದು ವರ್ಷ ತಡೆಯಿರಿ, 7ನೇ ತರಗತಿಗೂ ಸೇರಿಸಬಹುದು. ಪ್ರವೇಶ ಖಚಿತಪಡಿಸಿದ ಪತ್ರ ಕೈಗೆ ಬರುವವರೆಗೆ ಊರಿನ ಶಾಲೆಯಿಂದ ಟಿಸಿ ತೆಗೆಸಬೇಡಿ.